ಮೂರು ಸಾಮಾನಿನ ಚಕ್ಕಡಿ

ಹದಿನಾಲ್ಕು ವರ್ಷ ನಾನು ಒಂದೇ ಕೆಲಸ ಮಾಡಿದೆ: ಬೇರೆಯವರು ಕಷ್ಟಪಟ್ಟು ಸೇರಿಸಿದ್ದನ್ನು ತೆಗೆದುಹಾಕುವುದು. ಕಂಪನಿಯವರು ಇದಕ್ಕಾಗಿಯೇ ನನ್ನನ್ನು ಇಟ್ಟುಕೊಂಡಿದ್ದರು. ಇದೇ ಕೆಲಸವನ್ನು ಮನೆಯಲ್ಲಿ ಒಮ್ಮೆ ಮಾಡಿದ್ದೆ. ಅತ್ತೆಯವರು ಅಟ್ಟದ ಮೇಲೆ ಕೂಡಿಟ್ಟಿದ್ದ ಖಾಲಿ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿದ್ದೆ. ಎರಡು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ನಿವೃತ್ತಳಾಗಿ ಎಂಟು ತಿಂಗಳಾಯಿತು. ಮೊನ್ನೆ ಚಿಕ್ಕೋಡಿಯ ಕಾಲೇಜಿನ ನಾಲ್ಕು ಹುಡುಗಿಯರು ಮನೆಗೆ ಬಂದು, "ಅಕ್ಕಾರ, ನಾವೂ ಮೊಬೈಲ್ ಆಟ ತಯಾರ್ ಮಾಡೂ ಕೆಲಸಕ್ಕ ಹೋಗಬೇಕಂತ ಮಾಡೇವಿ. ಹೆಂಗಿರತೈತ್ರಿ ಅಲ್ಲಿ?" ಎಂದು ಕೇಳಿದರು. ಚಹಾ ಕೊಟ್ಟು, ನಾನು ಗೆದ್ದ ನಾಲ್ಕು ಸಂಗತಿ ಹೇಳಿ ಕಳಿಸಿದೆ. ಅವರು ಗೇಟು ದಾಟುವುದರೊಳಗೆ ಮನಸ್ಸು ಚುಚ್ಚತೊಡಗಿತು. ಪಾಲಬಾವಿಯ ಕಲ್ಲವ್ವನ ವಿಷಯ ಹೇಳಲೇ ಇಲ್ಲವಲ್ಲ! ಒಬ್ಬ ಹೆಂಗಸು ವರ್ಷಗಟ್ಟಲೆ ಗಳಿಸಿದ ಗೌರವಕ್ಕೆ ನಾನು ಕತ್ತರಿ ಹಿಡಿದು ಹೊರಟಿದ್ದೆ. ಅದನ್ನು ಬಿಟ್ಟು ಈ ಕೆಲಸದ ಬಗ್ಗೆ ಏನು ಹೇಳಿದರೂ ಅರ್ಧ ಸುಳ್ಳೇ. ಆ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಂಪನಿಯ ಕಥೆ. ನಿಪ್ಪಾಣಿಯಲ್ಲಿ ಹೆದ್ದಾರಿಗೆ ಸಮೀಪ ಒಂದು ಹಳೆಯ ತಂಬಾಕಿನ ವಖಾರಿ ಇತ್ತು. ಅದರ ಯಜಮಾನರ ಮೊಮ್ಮಗ ಭರತೇಶ ಅವರು ತಂಬಾಕಿನ ಚೀಲಗಳಿದ್ದ ಜಾಗದಲ್ಲಿ ಹತ್ತು ಕಂಪ್ಯೂಟರ್ ಇಟ್ಟು ಕಂಪನಿ ತೆರೆದರು. ತಂಬಾಕು ಹೋಗಿ ಎಷ್ಟೋ ವರ್ಷವಾಗಿದ್ದರೂ ಅದರ ಘಾಟು ಗೋಡೆ ಬಿಟ್ಟಿರಲಿಲ್ಲ. ಫ್ಯಾನ್ ಹಾಕಿದರೆ ಎಲ್ಲರೂ ಸಾಲಾಗಿ ಸೀನುತ್ತಿದ್ದೆವು. ನಾನು ಅಲ್ಲಿಗೆ ಸೇರಿದಾಗ ನನಗೆ ನಲವತ್ತನಾಲ್ಕು. ಅದಕ್ಕೂ ಮೊದಲು ಚಿಕ್ಕೋಡಿಯ ಒಂದು ಕಾರ್ಖಾನೆಯಲ್ಲಿ ದ್ರಾಕ್ಷಿಗೆ ಔಷಧ ಹೊಡೆಯುವ ಪಂಪುಗಳ ಜೊತೆ ಕೊಡುವ ಚೀಟಿ ಬರೆಯುತ್ತಿದ್ದೆ. ಮೊದಲು ಈ ನಟ್ಟು, ಆಮೇಲೆ ಈ ನಳಿಗೆ, ಕೈ ತೊಳೆಯುವುದನ್ನು ಮರೆಯಬೇಡಿ, ಹೀಗೆ. ಮೊಬೈಲಿನಲ್ಲಿ ಆಟ ಆಡಿದವಳೇ ಅಲ್ಲ.

ಸಂದರ್ಶನದ ದಿನ ಭರತೇಶ ಅವರ ಕೈಯಲ್ಲಿ ಅದೇ ಚೀಟಿ ಇತ್ತು.

"ಅಕ್ಕಾರ, ಇದನ್ನ ಬರದಾವ್ರು ನೀವೇನ್ರಿ?"

"ಹೌದ್ರಿ ಸಾಹೇಬ್ರ. ಏನರ ತಪ್ಪಾಗೇತೇನ್ರಿ?"

"ತಪ್ಪ ಎಲ್ಲೀದ್ರಿ! ಕಾಗವಾಡದಾಗ ನಮ್ಮ ಮಾವ ಇದನ್ನ ಓದಿ ತಾನ ಪಂಪು ಜೋಡಿಸ್ಯಾನ. ನಮ್ಮ ಮಾವಗ ಛತ್ರಿ ಬಿಚ್ಚಾಕ ಬರೂದಿಲ್ರಿ."

ನನ್ನ ನೌಕರಿ ಖಾಯಂ ಆದದ್ದು ಹೀಗೆ. ಸೀನಿದ್ದು ಆಮೇಲೆ.

ನಮ್ಮ ಆಟದ ಹೆಸರು 'ಏಳೂರ ಸಂತಿ'. ಸಾವಿರಾರು ಜನ ತಮ್ಮ ತಮ್ಮ ಮೊಬೈಲಿನಿಂದ ಒಂದೇ ಹೊತ್ತಿಗೆ ಆಡುವ ಆಟ. ಎಲ್ಲರೂ ಮೊದಲನೇ ಊರಿನಲ್ಲಿ ಒಂದು ಕೊಡಲಿ ಹಿಡಿದು ಶುರು ಮಾಡುತ್ತಾರೆ. ಕಟ್ಟಿಗೆ ಕಡಿದು, ನಾರು ಸುಲಿದು, ಕಬ್ಬು ಬೆಳೆದು, ಅದರಿಂದ ಹಗ್ಗ, ಬೆಲ್ಲ, ಚಪ್ಪಲಿ ತಯಾರಿಸಿ ಮುಂದಿನ ಊರಿನ ಸಂತೆಯಲ್ಲಿ ಮಾರುತ್ತಾರೆ. ಹೀಗೆ ಒಂದೊಂದೇ ಊರು ದಾಟಿ, ಕೊನೆಗೆ ಒಂದು ಚಕ್ಕಡಿ ಗಾಡಿ ಕಟ್ಟಿಕೊಂಡು ಏಳನೇ ಊರಿಗೆ ಹೋಗಬೇಕು. ಸಾಮಾನು ಕೂಡಿಸಿ ವಸ್ತು ಮಾಡುವ ಈ ಭಾಗಕ್ಕೆ ಈ ಧಂದೆಯಲ್ಲಿ ಕ್ರಾಫ್ಟಿಂಗ್ ಅನ್ನುತ್ತಾರೆ. ನನ್ನ ಕಡತಗಳಲ್ಲಿ ನಾನು 'ತಯಾರಿ' ಎಂದೇ ಬರೆದೆ. ಆ ತಯಾರಿಯನ್ನು ಸುಲಭ ಮಾಡುವುದೇ ನನ್ನ ಕೆಲಸವಾಗಿತ್ತು.

ಯಾಕೆ ಸುಲಭ ಮಾಡಬೇಕಿತ್ತೆಂದರೆ, ಭರತೇಶ ಅವರಿಗೆ ಒಂದು ಚಟವಿತ್ತು. ಎಲ್ಲಿ ಏನು ನೋಡಿದರೂ ಅದನ್ನು ಆಟಕ್ಕೆ ಸೇರಿಸಬೇಕು. ಸದಲಗಾಕ್ಕೆ ಒಂದು ಮದುವೆಗೆ ಹೋದವರು ದಾರಿಯಲ್ಲಿ ಬೆಲ್ಲದ ಗಾಣ ನೋಡಿ ಬಂದರು. ಕುದಿಯುವ ಕಬ್ಬಿನ ಹಾಲಿನ ಕಸ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುತ್ತಾರೆಂದು ಅಲ್ಲಿ ತಿಳಿಯಿತು. "ಇನ್ನೊಂದ ಸಣ್ಣದ ಸೇರಸೂಣ್ರಿ" ಎಂದರು. ಮರುದಿನದಿಂದ ಆಟದಲ್ಲಿ ಬೆಲ್ಲ ಮಾಡುವವರೆಲ್ಲ ಮೊದಲು ಬೆಂಡೆ ಬಿತ್ತಬೇಕಾಯಿತು. ಈ ಸಣ್ಣ ಸಣ್ಣದು ಕೂಡಿ, ನಾನು ಸೇರುವ ಹೊತ್ತಿಗೆ ಒಂದು ಜೋಡಿ ಚಪ್ಪಲಿಗೆ ಮೂವತ್ತೊಂದು ಹಂತ, ಒಂದು ಚಕ್ಕಡಿಗೆ ಅರವತ್ತನಾಲ್ಕು ಸಾಮಾನು ಆಗಿದ್ದವು.

ಚಪ್ಪಲಿಯಿಂದಲೇ ಶುರು ಮಾಡಿದೆ. ಆ ಮೂವತ್ತೊಂದು ಹಂತಗಳನ್ನು ಹೇಳಿಕೊಟ್ಟಿದ್ದ ಅಥಣಿಯ ಚಪ್ಪಲಿ ಕುಶಲಕರ್ಮಿಯ ಹತ್ತಿರವೇ ಹೋದೆ. ಯಾವುದನ್ನು ಬಿಡಬಹುದು ಎಂದು ಕೇಳಿದೆ. ಅವರು ಫೋನಿನಲ್ಲಿ ನಮ್ಮ ಆಟ ನೋಡಿದರು. ಚರ್ಮ ನೆನೆಹಾಕು, ಜಾಲಿ ತೊಗಟೆ ಕುಟ್ಟು, ಅಳಲೆಕಾಯಿ ಪುಡಿ ಮಾಡು, ಕಾಯು, ಮತ್ತೆ ಕಾಯು. ನೋಡಿ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ.

"ಅಕ್ಕಾರ, ನಾನು ಇದನ್ನ ಹೊಟ್ಟಿಪಾಡಿಗೆ ಮಾಡ್ತೀನಿ. ಅವ್ರು ಆಡಾಕ ಬಂದಾರ. ತಾವ ಮಾಡಿದ ಚಪ್ಪಲಿ ಮೆಟ್ಕೊಂಡ ನಾಕ ಹೆಜ್ಜಿ ನಡ್ಯಾಕರ ಬಿಡ್ರಿ ಅವ್ರನ್ನ."

ಈ ಮಾತಿನಿಂದ ನನಗೆ ಎಷ್ಟು ಹುರುಪು ಬಂತೆಂದರೆ, ಮೂವತ್ತೊಂದನ್ನೂ ತೆಗೆದುಹಾಕಿಬಿಟ್ಟೆ. ಒಂದು ಗುಂಡಿ ಒತ್ತಿದರೆ ಒಂದು ಜೋಡಿ ಚಪ್ಪಲಿ. ಇದು ನನ್ನ ಮೊದಲ ಘನಕಾರ್ಯ. ಜನ ಒತ್ತಿದರು. ಊಟ ಮಾಡುತ್ತಾ ಒತ್ತಿದರು, ಟಿವಿ ನೋಡುತ್ತಾ ಒತ್ತಿದರು. ವಾರ ಮುಗಿಯುವುದರೊಳಗೆ ಮೂರನೇ ಊರಿನ ಸಂತೆಯಲ್ಲಿ ಚಪ್ಪಲಿಯ ಗುಡ್ಡ ಬೆಳೆದು, ಅದರ ಹತ್ತಿರ ಹೋದವರ ಫೋನು ಹ್ಯಾಂಗ್ ಆಗತೊಡಗಿತು. ಕೊಳ್ಳುವವರು ಯಾರೂ ಇಲ್ಲ, ಎಲ್ಲರ ಹತ್ತಿರವೂ ನೂರು ಜೋಡಿ.

ನಮ್ಮ ಪ್ರೋಗ್ರಾಮರ್ ಇಮ್ತಿಯಾಜ್ ರಾಯಬಾಗದವನು. ಸಿಟ್ಟು ಬಂದರೂ ಮೆಲ್ಲಗೆ ಮಾತಾಡುವ ಮನುಷ್ಯ. ನನ್ನ ಮೇಜಿನ ಹತ್ತಿರ ಬಂದು, "ಅಕ್ಕಾ, ಪೂರಾ ಸರ್ವರ್ ಚಪ್ಪಲಿ ಬುಡಕ ಸಿಕ್ಕೊಂಡ ಬಿದ್ದೈತಿ. ನೀ ಬಂದ ಒಂದೊಂದ ಜೋಡಿ ಎತ್ತಿ ಇಡ್ತೀಯೇನ?" ಎಂದ.

ಎತ್ತಿಡುವುದರಲ್ಲಿ ಅವನ ಮೂರು ದಿನ ಹೋದವು. ನಾನು ಕಲಿತದ್ದು ಇಷ್ಟು: ತ್ರಾಸ ತೆಗೆಯಬೇಕು, ಕೆಲಸ ತೆಗೆಯಬಾರದು. ಕೈಯಿಂದ ಏನಾದರೂ ಮಾಡಿದೆ ಎನ್ನುವ ಸುಖ ಉಳಿಯಬೇಕು. ಕೊನೆಗೆ ಚಪ್ಪಲಿ ನಾಲ್ಕು ಹಂತಕ್ಕೆ ಬಂದು ನಿಂತಿತು: ಚರ್ಮ ಹದ ಮಾಡು, ಕೊಯ್ಯಿ, ಹೊಲಿ, ಮೆಟ್ಟಿ ನೋಡು. ಕೊನೆಯದು ಅಥಣಿಯವರಿಗಾಗಿ ಇಟ್ಟದ್ದು.

ಆದರೆ ತಪ್ಪು ಮಾಡುವುದರಲ್ಲಿ ನಾನೊಬ್ಬಳೇ ಇರಲಿಲ್ಲ, ಇಡೀ ವಖಾರಿಯೇ ನನ್ನ ಜೊತೆಗಿತ್ತು. ಒಂದು ಜೂನ್ ತಿಂಗಳು ದೂರದೂರುಗಳಿಂದ ದೂರುಗಳು ಬಂದು ಬಿದ್ದವು. ಬೆಲ್ಲದ ಒಲೆ ಹತ್ತುತ್ತಿಲ್ಲ, ಆಟ ಕೆಟ್ಟಿದೆ, ಸರಿ ಮಾಡಿ. ಇಮ್ತಿಯಾಜ್ ತಾಸುಗಟ್ಟಲೆ ಹುಡುಕಿದ. ಏನೂ ಕೆಟ್ಟಿರಲಿಲ್ಲ. ಮಳೆಗಾಲದಲ್ಲಿ ಒಲೆ ಹತ್ತಬಾರದೆಂದು ಯಾರೋ ಮೊದಲ ದಿನವೇ ಬರೆದಿಟ್ಟಿದ್ದರು. ಪರೀಕ್ಷೆ ಮಾಡಿದವರೆಲ್ಲ ಕಬ್ಬಿನ ಸೀಮೆಯವರೇ, ಮಳೆಗಾಲದಲ್ಲಿ ಬೆಲ್ಲ ಆಗದಿದ್ದರೆ ಅವರಿಗೆ ಅದು ತಪ್ಪೆಂದು ಹೊಳೆದೇ ಇರಲಿಲ್ಲ.

ನಾನು ಭರತೇಶ ಅವರಿಗೆ ಹೇಳಿದರೆ ಅವರು ನನ್ನನ್ನೇ ಬೆರಗಿನಿಂದ ನೋಡಿದರು. "ಅಲ್ರಿ ಅಕ್ಕಾರ, ಮಳಿಗಾಲದಾಗ ಯಾವ ಶಾಣ್ಯಾ ಗಾಣದ ಒಲಿ ಹಚ್ಚತಾನ್ರಿ?"

"ಕಬ್ಬನ್ನ ನೋಡದಾಂವ ಹಚ್ಚತಾನ್ರಿ ಸಾಹೇಬ್ರ. ನಮ್ಮ ಆಟ ಆಡೋರಾಗ ಭಾಳ ಮಂದಿ ಅವ್ರ ಅದಾರ."

ಎರಡು ನಿಮಿಷ ಬಿಟ್ಟು ಒಪ್ಪಿಕೊಂಡು ಆ ನಿಯಮ ತೆಗೆಸಿದರು. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಇಂಥ ಹೊತ್ತಿನಲ್ಲಿ. ತಡವಾಗಿಯಾದರೂ ಒಪ್ಪುವ ಮನುಷ್ಯ ಅವರು. ಆಟದ ಹೊಸ ರೂಪವನ್ನು ಹೊರಬಿಡುವ ಹೊತ್ತಿನ ವಿಷಯದಲ್ಲಿ ಮಾತ್ರ ಕೊನೆಯತನಕ ಒಪ್ಪಲಿಲ್ಲ. ಬೇರೆ ಕಂಪನಿಗಳು ಜನ ಮಲಗಿದ ಮೇಲೆ ಈ ಕೆಲಸ ಮಾಡುತ್ತವೆ. ನಮ್ಮಲ್ಲಿ ಮಧ್ಯಾಹ್ನ ನಾಲ್ಕಕ್ಕೆ. ಯಾಕೆಂದರೆ ಅವರದು ಜೈನರ ಮನೆ, ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು, ಅವರಿಲ್ಲದೆ ಏನೂ ಹೊರಗೆ ಹೋಗಬಾರದು. ಹೀಗಾಗಿ ಜನ ಶಾಲೆ, ಹೊಲ, ಕೋರ್ಟು ಮುಗಿಸಿ ಆಡಲು ಕೂರುವ ಹೊತ್ತಿಗೆ ಸರಿಯಾಗಿ ನಮ್ಮ ಆಟ ನಿಂತಿರುತ್ತಿತ್ತು.

ಇನ್ನು ಪರೀಕ್ಷೆ ಮಾಡುವ ಪದ್ಧತಿ. ಮೊದಲು ಕಚೇರಿಯವರೇ ಆಡಿ ನೋಡುತ್ತಿದ್ದರು. ಅವರಿಗೆ ಎಲ್ಲವೂ ಬಾಯಿಪಾಠ, ಏನೂ ಕಷ್ಟವೆನಿಸುತ್ತಿರಲಿಲ್ಲ. ನಾನು ದಿನಾ ಚಿಕ್ಕೋಡಿಯಿಂದ ನಿಪ್ಪಾಣಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಒಂದು ದಿನ ಪಕ್ಕದ ಸೀಟಿನ ಹೆಂಗಸಿನ ಕೈಗೆ ಫೋನ್ ಕೊಟ್ಟು, "ವೈನಿ, ಇದರಾಗ ಒಂದ ಹಗ್ಗ ಹೊಸೆದ ತೋರಸ್ರಿ ನೋಡೂಣು" ಎಂದೆ. ಆಕೆ ಹೊಸೆಯುತ್ತಾ ಹೊಸೆಯುತ್ತಾ ಇಳಿಯುವ ಊರು ಮರೆತು ಮುಂದೆ ಬಂದಳು. ಬೈಗುಳ ನನಗೆ ಬಿತ್ತು. ಆದರೆ ಅಂದಿನಿಂದ ಅದೇ ನನ್ನ ಅಳತೆಯಾಯಿತು. ಪಕ್ಕದಲ್ಲಿ ಕೂತವರು ಎರಡು ಸಲ ನನ್ನನ್ನು ಕೇಳಿದರೆ ಆ ಹಂತ ತಪ್ಪು. ನಿಂತವರು ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಮಾಡಲಾಗದಿದ್ದರೆ ಅದೂ ತಪ್ಪು. ನನ್ನನ್ನು ಕಂಡರೆ ಕಂಡಕ್ಟರು, "ಅಕ್ಕಾರ ಬಂದ್ರು, ಎಲ್ಲಾರೂ ಹಗ್ಗ ಹೊಸ್ಯಾಕ ತಯಾರಾಗ್ರಿ" ಎಂದು ಕೂಗುತ್ತಿದ್ದ.

ಈಗ ಕಲ್ಲವ್ವ.

ಆಟದ ಮೊದಲನೇ ಊರಿನಲ್ಲಿ ಒಂದು ಬಾವಿಕಟ್ಟೆ ಇದೆ. ಅದರ ಮೇಲೆ ಯಾವಾಗ ನೋಡಿದರೂ 'ಪಾಲಬಾವಿ ಕಲ್ಲವ್ವ' ಎಂಬ ಹೆಸರಿನ ಆಟಗಾರ್ತಿ ಕೂತಿರುತ್ತಿದ್ದಳು. ಆಟದ ಪ್ರತಿಯೊಂದು ವಸ್ತುವಿನ ತಯಾರಿಯೂ ಆಕೆಗೆ ಗೊತ್ತು. ಭರತೇಶ ಅವರಿಗೇ ಮರೆತದ್ದು ಆಕೆಗೆ ನೆನಪಿತ್ತು. ಹೊಸಬರು ಹಗ್ಗ ಹರಿದುಕೊಂಡು, ಗಾಲಿ ಮುರಿದುಕೊಂಡು ಓಡಿ ಬರುತ್ತಿದ್ದರು. ಆಕೆ ಧ್ವನಿ ಸಂದೇಶದಲ್ಲಿ ಹೇಳಿಕೊಡುತ್ತಿದ್ದಳು: "ಮೊದಲ ನಾರು ತೊಳಕೋ ಯಪ್ಪಾ, ಆಮ್ಯಾಲ ಹೊಸಿ." ಎಲ್ಲರೂ ಆಕೆಗೆ 'ಆಯಿ' ಅನ್ನುತ್ತಿದ್ದರು. ತಾವು ಮಾಡಿದ ಮೊದಲ ಜೋಡಿ ಚಪ್ಪಲಿಯನ್ನು ಆಕೆಯ ಮುಂದಿಟ್ಟು ಕೈಮುಗಿದು ಮುಂದಿನ ಊರಿಗೆ ಹೋಗುವುದು ಆಟದಲ್ಲಿ ಒಂದು ಪದ್ಧತಿಯೇ ಆಗಿತ್ತು. ಅದನ್ನು ನಾವು ಮಾಡಿರಲಿಲ್ಲ. ಜನ ತಾವೇ ಮಾಡಿಕೊಂಡಿದ್ದರು.

ಇನ್ನೊಬ್ಬ ಆಟಗಾರನನ್ನೂ ಇಲ್ಲಿ ಹೇಳಬೇಕು. ಅವನ ಹೆಸರು 'ನಿನ್ನೆ ಬಂದಾಂವ'. ನಮ್ಮ ದೂರಿನ ಪೆಟ್ಟಿಗೆಗೆ ಮೂರು ವರ್ಷ ತಪ್ಪದೆ ಬರೆದವನು. ಬೇರೆಯವರು 'ಆಟ ಹೊಲಸೈತಿ' ಎಂದು ಬರೆದು ಕೈತೊಳೆದುಕೊಂಡರೆ ಇವನು ಎಲ್ಲಿ ಮುಳ್ಳು ಇದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. 'ನಾರು ತೊಳೀಬೇಕಂತ ಎಲ್ಲಿ ಬರದೀರಿ? ಹಗ್ಗ ನಾಕ ಸಲ ಹರೀತು.' 'ಕೀಲೆಣ್ಣಿ ಐದನೇ ಊರಾಗ, ಗಾಲಿ ಎರಡನೇ ಊರಾಗ. ಹೊಸಬ ಎಷ್ಟ ಸಲ ತಿರುಗಬೇಕು?' ನಾನು ತೆಗೆದುಹಾಕಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅವನು ತೋರಿಸಿದ್ದೇ. ಬೆಳಿಗ್ಗೆ ಬಂದ ಕೂಡಲೇ ಮೊದಲು ಅವನದನ್ನೇ ಓದುತ್ತಿದ್ದೆ. ಕಾಗವಾಡದ ಕಡೆಯ ಯಾವನೋ ಜಾಣ ಮಾಸ್ತರ ಇರಬೇಕೆಂದು ಊಹಿಸಿಕೊಂಡಿದ್ದೆ.

ನಾನು ನಿವೃತ್ತಳಾಗುವ ಹಿಂದಿನ ವರ್ಷ ಆಟ ಸೊರಗತೊಡಗಿತು. ಹಳಬರು ಇದ್ದರು, ಹೊಸಬರು ನಿಲ್ಲುತ್ತಿರಲಿಲ್ಲ. ಹೆಚ್ಚಿನವರು ಚಕ್ಕಡಿಯ ಸಾಮಾನಿನ ಯಾದಿ ನೋಡಿ ಎದ್ದು ಹೋಗುತ್ತಿದ್ದರು. ಭರತೇಶ ಅವರು ನಮ್ಮನ್ನು ಕೂರಿಸಿಕೊಂಡು, ದೀಪಾವಳಿಯೊಳಗೆ ಇದು ಸರಿಹೋಗದಿದ್ದರೆ ಆಟ ಮುಚ್ಚುತ್ತೇನೆ ಎಂದರು. ನಾನು ಸಿದ್ಧವಾಗಿಯೇ ಹೋಗಿದ್ದೆ. ಆವರೆಗೆ ನಾನು ಕೈಹಚ್ಚದೆ ಬಿಟ್ಟಿದ್ದ ಅರವತ್ತನಾಲ್ಕು ಸಾಮಾನಿನ ಚಕ್ಕಡಿಯನ್ನು ಮೂರಕ್ಕೆ ಇಳಿಸೋಣ ಎಂದೆ: ಕಟ್ಟಿಗೆ, ಕಬ್ಬಿಣ, ಹಗ್ಗ. ಪ್ರತಿಯೊಂದನ್ನೂ ಚೆನ್ನಾಗಿ ಮಾಡಿದರೆ ಗಟ್ಟಿ ಚಕ್ಕಡಿ, ಅವಸರ ಮಾಡಿದರೆ ಅಲ್ಲಾಡುವ ಚಕ್ಕಡಿ. ಬೇರೆ ಎಲ್ಲ ವಸ್ತುವಿಗೂ ಇದೇ ಲೆಕ್ಕ.

ಇಮ್ತಿಯಾಜ್ ತಲೆ ಎತ್ತದೆ ಕೇಳಿದ. "ಕಲ್ಲವ್ವಾಯಿದು ಏನ್ ಮಾಡ್ತಿ ಅಕ್ಕಾ? ಮೂರ ಸಾಮಾನು ಅಂದ್ರ ಆಕಿನ್ನ ಯಾರ ಕೇಳಾಕ ಹೋಗ್ತಾರ? ಆ ಬಾವಿಕಟ್ಟಿ ಮ್ಯಾಲೆ ಆಕಿ ಒಬ್ಬಾಕಿನ ಕೂಡಬೇಕು."

ಅಷ್ಟು ವರ್ಷ ನಾನು ತೆಗೆದದ್ದೆಲ್ಲ ನಿರ್ಜೀವ ಹಂತಗಳು. ಈ ಸಲ ತೆಗೆಯುವುದು ಒಬ್ಬ ಹೆಂಗಸಿನ ಜಾಗವನ್ನು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಭರತೇಶ ಅವರಿಗೆ ಬೇರೆಯೇ ಚಿಂತೆ. "ಚಕ್ಕಡಿ ಸರಳ ಆದ್ರ ಮಂದಿ ಏಳನೇ ಊರಿಗೆ ಹೋಗ್ತಾರಲ್ರಿ?"

"ಹೋಗ್ಲಿ ಬಿಡ್ರಿ. ಅದಕ್ಕ ಅಲ್ಲೇನ್ರಿ ನಾವು ಆಟ ಮಾಡಿದ್ದು?"

"ಹೋದ್ರ ಏನ್ ತೋರಸೂದ್ರಿ ಅಕ್ಕಾರ? ಏಳನೇ ಊರು ನಾವು ಕಟ್ಟೇ ಇಲ್ಲ!"

ನಾನೂ ಮರೆತಿದ್ದ ವಖಾರಿಯ ದೊಡ್ಡ ಗುಟ್ಟು ಇದು. ಆಟದ ಜಾಹೀರಾತಿನ ತುಂಬ ಏಳನೇ ಊರಿನ ಹೆಸರು. ಆದರೆ ಇಷ್ಟು ವರ್ಷದಲ್ಲಿ ಅಲ್ಲಿಗೆ ಯಾರೂ ಮುಟ್ಟಿರಲಿಲ್ಲ. ಚಕ್ಕಡಿ ಕಟ್ಟಿದ ಕೆಲವರೂ ಆರನೇ ಊರಾಚೆಯ ಹಳ್ಳದಲ್ಲಿ ಗಾಲಿ ಮುರಿದುಕೊಂಡು ಹಿಂದಿರುಗಿದ್ದರು. ಹೇಗೂ ಯಾರೂ ಬರುವುದಿಲ್ಲವೆಂದು ನಾವು ಅಲ್ಲಿ ಒಂದು ಬೇವಿನ ಗಿಡ, ಅದರ ಸುತ್ತ ಒಂದು ಕಟ್ಟೆ ಇಟ್ಟು ಕೈಬಿಟ್ಟಿದ್ದೆವು. ಅರವತ್ತನಾಲ್ಕು ಸಾಮಾನು ನಮ್ಮ ಸೋಮಾರಿತನಕ್ಕೆ ಬೇಲಿಯಾಗಿ ನಿಂತಿದ್ದವು.

ಊರು ಕಟ್ಟುವುದನ್ನು ಅವರ ಪಾಲಿಗೆ ಬಿಟ್ಟು, ಕಲ್ಲವ್ವನಿಗೆ ಮುಖ ತೋರಿಸಿ ಹೇಳಿ ಬರುತ್ತೇನೆಂದು ನಾನು ಪಾಲಬಾವಿಗೆ ಹೊರಟೆ. ಆಟದಲ್ಲಿ ಆಕೆಯನ್ನೇ ಕೇಳಿದ್ದೆ, ಬರಲೇ ಎಂದು. 'ಬರ್ರಿ, ಎಮ್ಮಿ ಹಿಂಡೂದ್ರಾಗ ಬರ್ರಿ' ಎಂದಿದ್ದಳು. ಕಬ್ಬಿನ ಹೊಲದ ಅಂಚಿಗೆ ಮನೆ. ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು ಅಂಗಳದಲ್ಲಿ ಹಿಂಡಿ ಕಲಸುತ್ತಿದ್ದಳು. ಕೈ ತೊಳೆದು ಸೊಂಟದ ಸಂಚಿಯಿಂದ ಫೋನ್ ತೆಗೆದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆಗೇ ಫೋನೂ ಇತ್ತು. ಅದರ ಮೂಲೆಗೆಲ್ಲ ಸುಣ್ಣ ಹತ್ತಿತ್ತು.

"ನೀವೂ ಹಗ್ಗದ್ದ ಕೇಳಾಕ ಬಂದೀರೇನ್ರಿ?"

"ಇಲ್ರಿ ಕಲ್ಲವ್ವಕ್ಕಾ. ಹಗ್ಗಾ ಮಾಡಿದಾಕಿ ನಾನ."

ನಾನು ಸುತ್ತಿ ಬಳಸದೆ ಹೇಳಿದೆ. ಇನ್ನು ಚಕ್ಕಡಿಗೆ ಮೂರೇ ಸಾಮಾನು, ಹಗ್ಗಕ್ಕೆ ಒಂದೇ ಹಂತ, ಹೊಸಬರಿಗೆ ಯಾರನ್ನೂ ಕೇಳುವ ಅಗತ್ಯ ಬೀಳುವುದಿಲ್ಲ. ನಿಮ್ಮ ಜಾಗಕ್ಕೆ ನಾನೇ ಕೈಹಾಕುತ್ತಿದ್ದೇನೆ, ಬೈಯುವುದಿದ್ದರೆ ನನ್ನನ್ನೇ ಬೈಯಿರಿ ಎಂದೆ. ಹೇಳುತ್ತಿದ್ದಾಗ ಆಕೆಯ ಫೋನು ಎಡೆಬಿಡದೆ ಟಿಣ್ ಟಿಣ್ ಅನ್ನುತ್ತಿತ್ತು. ಆಕೆ ಅದನ್ನೇ ನೋಡುತ್ತಾ ಕೂತಳು.

ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ನಮ್ಮ ಆಟ ತೆರೆದಿತ್ತು. ಆದರೆ ಮೇಲಿದ್ದ ಹೆಸರು ಕಲ್ಲವ್ವನದಲ್ಲ. 'ನಿನ್ನೆ ಬಂದಾಂವ' ಎಂದಿತ್ತು.

"ಮೂರ ವರ್ಷ ಬರದೇನ್ರಿ ನಿಮಗ" ಎಂದಳು. "ಒಂದಕ್ಕರ ಉತ್ತರಾ ಬರದೀರೇನ್ರಿ ನೀವು?"

ಬರೆದಿರಲಿಲ್ಲ. ದಿನಾ ಓದಿದೆ, ಮೆಚ್ಚಿದೆ, ಹೇಳಿದಂತೆ ತೆಗೆದುಹಾಕಿದೆ, 'ತಲುಪಿತು' ಎಂಬ ಒಂದು ಮಾತನ್ನೂ ಹಾಕಿರಲಿಲ್ಲ. ಹದಿನಾಲ್ಕು ವರ್ಷದ ನನ್ನ ಎಲ್ಲ ತಪ್ಪುಗಳಲ್ಲಿ, ಚಪ್ಪಲಿಯ ಗುಡ್ಡವನ್ನೂ ಸೇರಿಸಿ, ಇದೇ ದೊಡ್ಡದು.

"ಅಲ್ರಿ, ನೀವು ಎಲ್ಲಾ ಬಲ್ಲಾಕಿ. ಮತ್ತ ಹೊಸಬನ ವೇಷ ಯಾಕ್ರಿ?"

"ಇನ್ನೇನ ಮಾಡ್ಲಿರಿ? ಕಲ್ಲವ್ವನ ಹೆಸರಲೆ ಒಳಗ ಬಂದ್ರ ಬಾವಿಕಟ್ಟಿ ಬಿಟ್ಟ ಏಳಾಕ ಬಿಡೂದಿಲ್ಲ. ಹೊಸಾ ಗಂಡಸಂದ್ರ ಯಾರೂ ಏನೂ ಕೇಳೂದಿಲ್ರಿ. ಅದಕ ಈ ಹೆಸರು. ಅದರಲೇ ಸ್ವಲ್ಪ ದೂರ ಹೋಗ್ತೀನಿ, ಅಷ್ಟ್ರಾಗ ಅಲ್ಲಿ ಬಾವಿಕಟ್ಟಿ ಮ್ಯಾಲೆ ಅಳಾಕತ್ತಾರಂತ ತಿರುಗಿ ಬರ್ತೀನಿ."

"ಎಲ್ಲಾರೂ ಆಯಿ ಅಂತಾರ. ಮರ್ಯಾದಿ ಕೊಡ್ತಾರ. ನಿಮಗದು ಬ್ಯಾಡೇನ್ರಿ?"

ಕಲ್ಲವ್ವ ಒಮ್ಮೆಲೇ ನಕ್ಕುಬಿಟ್ಟಳು. "ಮರ್ಯಾದಿ ಮನ್ಯಾಗೂ ಭಾಳ ಐತ್ರಿ. ಉಪ್ಪ ಎಲ್ಲೈತಿ ಅಂತ ನನ್ನ ಕೇಳ್ತಾರ. ಕುಡಗೋಲ ಎಲ್ಲೈತಿ ಅಂತ ನನ್ನ ಕೇಳ್ತಾರ. ತಮ್ಮ ಅಂಗಿ ಎಲ್ಲೈತಿ ಅಂತನೂ ನನ್ನ ಕೇಳ್ತಾರ. ಒಂದ ಗಳಿಗಿ ಕುಂದರೂಣಂತ ಫೋನ್ ತಗದ್ರ ಅಲ್ಲೂ ಕೇಳ್ತಾರ. ನಾ ಆಡೂದು ಯಾವಾಗ್ರಿ ಅಕ್ಕಾರ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಮಾಡಿದೆ.

ಹೊರಡುವಾಗ ಆಕೆ ಒಂದು ಗಿಂಡಿ ಮಜ್ಜಿಗೆ ಕೊಟ್ಟು, ದನಿ ಇಳಿಸಿ ಹೇಳಿದಳು. "ಜಲ್ದಿ ಮಾಡ್ರಿ. ನನ್ನ ಹೆಸರಲೇ ಏಳನೇ ಊರಿಗೆ ಒಮ್ಮಿ ಹೋಗಬೇಕ್ರಿ ನಾ. ಎಷ್ಟ ಮಂದಿಗೆ ದಾರಿ ಹೇಳೇನಿ, ನಾನ ನೋಡಿಲ್ಲ. ಭಾಳ ಚೊಲೋ ಮಾಡೀರಲ್ರಿ ಅಲ್ಲಿ?"

"ಮಾಡೇವ್ರಿ" ಎಂದೆ. ಮುಖ ಕಾಣದಂತೆ ಗಿಂಡಿ ಎತ್ತಿ ಮಜ್ಜಿಗೆ ಕುಡಿದೆ.

ಮರುದಿನ ವಖಾರಿಯಲ್ಲಿ ಅಲ್ಲೋಲಕಲ್ಲೋಲ. ಚಕ್ಕಡಿ ದೀಪಾವಳಿಯೊಳಗೆ ಹೊರಹೋಗಬೇಕು, ಅದರ ಜೊತೆಗೇ ಏಳನೇ ಊರೂ ಎದ್ದು ನಿಲ್ಲಬೇಕು. ಭರತೇಶ ಅವರು ಪೆನ್ನು ಹಿಡಿದು ಯಾದಿ ಮಾಡಿದರು: ಕೋಟೆ, ಕೆರೆ, ನೂರು ಅಂಗಡಿಯ ಪೇಟೆ, ಕುದುರೆ ಲಾಯ, ಹೂದೋಟ. ಯಾದಿ ಮುಗಿಯಿತೆಂದಾಗಲೆಲ್ಲ "ಇನ್ನೊಂದ ಸಣ್ಣದ" ಎಂದು ಮತ್ತೊಂದು. ಇಮ್ತಿಯಾಜ್ ಕೈ ಚೆಲ್ಲಿದ. ಕೊನೆಗೆ ಮೊದಲು ಚಕ್ಕಡಿ ಬಿಡುವುದು, ಜನ ಅಲ್ಲಿಗೆ ಮುಟ್ಟಲು ಎರಡು ವಾರವಾದರೂ ಬೇಕು, ಅಷ್ಟರೊಳಗೆ ಕೋಟೆಯ ಒಂದು ಗೋಡೆಯಾದರೂ ಏಳುತ್ತದೆ ಎಂದು ತೀರ್ಮಾನವಾಯಿತು.

ದೀಪಾವಳಿಗೆ ಮುಂಚಿನ ವಾರ ಒಂದು ದಿನ ಮಧ್ಯಾಹ್ನ ನಾಲ್ಕಕ್ಕೆ ಹೊಸ ರೂಪ ಬಿಟ್ಟೆವು. ನಾಲ್ಕೂವರೆಗೆ ಬಾವಿಕಟ್ಟೆಗೆ ಬಂದ ಹೊಸಬರು, ಆಯಿಗೆ ಕೈಮುಗಿದು, ಏನೂ ಕೇಳದೆ ತಾವೇ ಹಗ್ಗ ಹೊಸೆಯುತ್ತಾ ಹೋದರು. ಕಲ್ಲವ್ವ ಸ್ವಲ್ಪ ಹೊತ್ತು ಕಾದಳು. ಯಾರೂ ಕರೆಯಲಿಲ್ಲ. ಕಟ್ಟೆಯಿಂದ ಎದ್ದಳು. ಕಟ್ಟಿಗೆ, ಕಬ್ಬಿಣ, ಹಗ್ಗ, ಮೂರನ್ನೂ ಒಂದಿಷ್ಟೂ ಅವಸರವಿಲ್ಲದೆ ಮಾಡಿ ಚಕ್ಕಡಿ ಹೂಡಿ ಹೊರಟೇ ಬಿಟ್ಟಳು. ದಾರಿ ಆಕೆಗೆ ಬಾಯಿಪಾಠ. ಎರಡು ವಾರದ ನಮ್ಮ ಲೆಕ್ಕ ದಾರಿ ಗೊತ್ತಿಲ್ಲದವರಿಗಾಗಿ ಹಾಕಿದ್ದು.

ಇಮ್ತಿಯಾಜನ ಪರದೆಯ ಮೇಲೆ ಆಕೆಯದೊಂದು ಚುಕ್ಕೆ. ಮೂರನೇ ಊರು ದಾಟಿತು, ಐದನೇದು ದಾಟಿತು. ನಾವೆಲ್ಲ ಅವನ ಹಿಂದೆ ನಿಂತುಬಿಟ್ಟೆವು. ಚುಕ್ಕೆ ಆರನೇ ಊರಿನಾಚೆಯ ಹಳ್ಳದ ಹತ್ತಿರ ಬಂದಾಗ ಭರತೇಶ ಅವರು ತಡೆಯಲಾಗದೆ, "ಹಳ್ಳಕ್ಕ ನೀರ ಬಿಡೋ ಇಮ್ತಿಯಾಜ್! ಎರಡ ವಾರ ದಾಟದಂಗ ನೀರ ಬಿಡು!" ಎಂದು ಕೂಗಿದರು. ಅವನ ಬೆರಳು ಗುಂಡಿಯ ಮೇಲೆ ಹೋಯಿತು.

ನಾನು ಅವನ ಕೈ ಹಿಡಿದೆ. "ಬ್ಯಾಡ. ಆಕಿ ಹೊಂಟಾಳ, ಹೋಗ್ಲಿ. ಸುಳ್ಳು ನಾವು ಹೇಳೇವಿ, ಬೈಸಿಕೊಳ್ಳೂಣು."

ಅವನು ಗುಂಡಿಯಿಂದ ಬೆರಳು ತೆಗೆದ. ಕಿಟಕಿಯಾಚೆ ಹೊತ್ತು ಮುಳುಗಿತು. ಭರತೇಶ ಅವರ ಮನೆಯಿಂದ ಬಂದ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಆ ದಿನ ಅವರು ಉಪವಾಸವೇ ಉಳಿದರು. ಚುಕ್ಕೆ ಹಳ್ಳ ದಾಟಿ, ಬಯಲು ದಾಟಿ, ಬೇವಿನ ಗಿಡದ ಹತ್ತಿರ ಹೋಗಿ ನಿಂತಿತು.

ಬಹಳ ಹೊತ್ತು ಅದು ಅಲ್ಲಾಡಲಿಲ್ಲ. ಆಕೆ ಸಿಟ್ಟಿನಿಂದ ಫೋನು ಎಮ್ಮೆಯ ಕಡೆ ಎಸೆದಿರಬೇಕು ಎಂದುಕೊಂಡೆ. ಆಗ ದೂರಿನ ಪೆಟ್ಟಿಗೆಗೆ ಒಂದು ಧ್ವನಿ ಸಂದೇಶ ಬಂತು. ಈ ಸಲ ಕಲ್ಲವ್ವನ ಹೆಸರಿನಲ್ಲೇ.

"ಅಕ್ಕಾರ, ಬಂದ್ನಿರಿ. ಗಿಡಾ ಐತಿ, ನೆಳ್ಳ ಐತಿ, ಕಟ್ಟಿ ಐತಿ. ಕುಂತೇನಿ. ಯಾರೂ ಏನೂ ಕೇಳೋರಿಲ್ಲ. ಭಾಳ ಚೊಲೋ ಮಾಡೀರಿ ಊರು. ನಿಮಗ ಕೈ ಮುಗೀತೀನಿ, ಇದಕ್ಕ ಇನ್ನ ಏನೂ ಸೇರಸಬ್ಯಾಡ್ರಿ."

ಭರತೇಶ ಅವರು ತಮ್ಮ ಯಾದಿಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಏಳನೇ ಊರಿನಲ್ಲಿ ಇವತ್ತಿಗೂ ಒಂದು ಬೇವಿನ ಗಿಡ, ಒಂದು ಕಟ್ಟೆ, ಅಷ್ಟೇ. ನಾನು ಇಮ್ತಿಯಾಜನನ್ನು ಸರಿಸಿ ಅವನ ಕುರ್ಚಿಯಲ್ಲಿ ಕೂತು, ಮೂರು ವರ್ಷದಲ್ಲಿ ಮೊದಲ ಸಲ ಆಕೆಗೆ ಉತ್ತರ ಬರೆದೆ: 'ಆಗ್ಲಿರಿ.'